ಕೃತಿಕಾರರ ಪರಿಚಯ: ಚಾರ್ಟು ತೂಗುಹಾಕಿದರೆ ಸಾಕೆ?

ಕಳೆದ ಬೋಧನಾಭ್ಯಾಸದ ಅವಧಿಯಲ್ಲಿ ವಿಜಯಪುರದ ಅಥಣಿ ರಸ್ತೆಯ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಯ ಕನ್ನಡ ಪಾಠವನ್ನು ವೀಕ್ಷಿಸುತ್ತಿದ್ದೆ. ಪ್ರಶಿಕ್ಷಣಾರ್ಥಿ ಆ ದಿನ ಪೂರಕ ಓದಿಗಾಗಿ ಜಯಂತ ಕಾಯ್ಕಿಣಿಯವರ ಒಂದು ಕಥೆಯನ್ನು ಆರಿಸಿಕೊಂಡಿದ್ದರು. ಚಾರ್ಟು ಅಚ್ಚುಕಟ್ಟಾಗಿತ್ತು: ಜನನ 1955, ಸ್ಥಳ ಗೋಕರ್ಣ, ಕೃತಿಗಳು, ಪ್ರಶಸ್ತಿಗಳು. ಓದಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಇವ್ರು ಹೊಟ್ಟಿಗಿ ಏನ್ ಮಾಡ್ತಿದ್ರು ರೀ ಟೀಚರ್?” ಎಂದು ಕೇಳಿದ. ತರಗತಿ ನಕ್ಕಿತು. “ಅವರು ಲೇಖಕರಪ್ಪಾ, ಬರೆಯುವುದೇ ಅವರ ಕೆಲಸ, ಕೂತ್ಕೋ” ಎಂದು ಹೇಳಿ ಪ್ರಶಿಕ್ಷಣಾರ್ಥಿ ಪಾಠ ಮುಂದುವರಿಸಿದರು. ನಾನೂ ವೀಕ್ಷಣಾ ನಮೂನೆಯಲ್ಲಿ ‘ಕೃತಿಕಾರರ ಪರಿಚಯ: ಉತ್ತಮ’ ಎಂದು ಬರೆದೆ.

ಆ ಹುಡುಗನ ಮನೆಯವರು ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಲ್ಲಿ ದುಡಿಯುವವರೆಂದು ಆಮೇಲೆ ತಿಳಿಯಿತು. ಅವನ ಪ್ರಶ್ನೆ ತುಂಟತನದ್ದಲ್ಲ. ತನ್ನ ಮನೆಯಲ್ಲಿ ಎಲ್ಲರಿಗೂ ಅನ್ವಯಿಸುವ ಪ್ರಶ್ನೆಯನ್ನೇ ಅವನು ಲೇಖಕರಿಗೂ ಕೇಳಿದ್ದ. ನಾವು ಕೊಟ್ಟ ಉತ್ತರ ಅವನನ್ನು ಕೂರಿಸಿದ್ದಷ್ಟೇ ಅಲ್ಲ, ತಪ್ಪೂ ಆಗಿತ್ತು. ಕಾಯ್ಕಿಣಿಯವರು ಧಾರವಾಡದಲ್ಲಿ ಜೀವರಸಾಯನ ಶಾಸ್ತ್ರ ಓದಿ, ಮುಂಬಯಿಯ ಔಷಧ ಕಂಪನಿಯಲ್ಲಿ ಹಲವು ವರ್ಷ ದುಡಿದವರು. ಆ ವಿವರ ನಮ್ಮ ಚಾರ್ಟಿನಲ್ಲಿ ಇರಲೇ ಇಲ್ಲ.

ಬರೆಯುವವರ ದುಡಿಮೆ

ಕನ್ನಡದಲ್ಲಿ ಬರವಣಿಗೆಯೊಂದನ್ನೇ ನಂಬಿ ಬದುಕಿದವರು ಬಹಳ ಕಡಿಮೆ. ಇದು ನಮ್ಮ ಭಾಷೆಗೆ ಮಾತ್ರ ಸೀಮಿತವಾದ ಸಂಗತಿಯೂ ಅಲ್ಲ. ಬುಕರ್ ಪ್ರಶಸ್ತಿಯನ್ನು 1988 ಮತ್ತು 2001ರಲ್ಲಿ ಎರಡು ಸಲ ಪಡೆದ ಆಸ್ಟ್ರೇಲಿಯಾದ ಪೀಟರ್ ಕೇರಿ ಜಾಹೀರಾತು ಸಂಸ್ಥೆಗಳಲ್ಲಿ ದುಡಿಯುತ್ತಲೇ ಕಾದಂಬರಿಕಾರರಾದವರು. ಆದ್ದರಿಂದ ವೃತ್ತಿಯನ್ನು ಬಿಟ್ಟು ಕೃತಿಪಟ್ಟಿಯನ್ನು ಮಾತ್ರ ಹೇಳಿದರೆ, ಲೇಖಕರು ಬೇರೆ ಜಾತಿಯ ಮನುಷ್ಯರು ಎಂಬ ಭಾವನೆ ಮಕ್ಕಳಲ್ಲಿ ಬೇರೂರುತ್ತದೆ. ತನ್ನ ಮನೆಯ ದುಡಿಮೆಗೂ ಪುಸ್ತಕಕ್ಕೂ ಸಂಬಂಧವಿಲ್ಲ ಎಂದು ಮಗು ತೀರ್ಮಾನಿಸಿಬಿಡುತ್ತದೆ.

ಹಾಗೆಂದು ‘ವೃತ್ತಿ’ ಎಂಬ ಇನ್ನೊಂದು ಸಾಲನ್ನು ಚಾರ್ಟಿಗೆ ಸೇರಿಸಿದರೆ ಕೆಲಸ ಮುಗಿಯುವುದಿಲ್ಲ. ವೃತ್ತಿಗೂ ಕೃತಿಗೂ ಇರುವ ಸಂಬಂಧ ಎಲ್ಲರಲ್ಲಿಯೂ ಒಂದೇ ಬಗೆಯದಲ್ಲ. ಬೋಧನೆಯ ಅನುಕೂಲಕ್ಕಾಗಿ ಅದನ್ನು ಮೂರು ಬಗೆಯಾಗಿ ವಿಂಗಡಿಸಿಕೊಳ್ಳಬಹುದು.

1. ದುಡಿಮೆಯೇ ವಸ್ತುವನ್ನು ಕೊಟ್ಟದ್ದು

ನಾ. ಡಿಸೋಜ ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯ ಪ್ರದೇಶದಲ್ಲಿದ್ದರು. ಅಣೆಕಟ್ಟು ಕಟ್ಟುವ ಇಲಾಖೆಯ ಒಳಗಿದ್ದುಕೊಂಡೇ, ಮುಳುಗಡೆಯಾಗುವ ಜನರ ಕಷ್ಟವನ್ನು ಕಣ್ಣಾರೆ ಕಂಡರು. ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳು ಹುಟ್ಟಿದ್ದು ಹೀಗೆ. ಆಲಮಟ್ಟಿ ಹಿನ್ನೀರಿನಿಂದ ಊರು ಬಿಟ್ಟ ಮನೆತನಗಳ ಮಕ್ಕಳು ನಮ್ಮ ಜಿಲ್ಲೆಯ ಶಾಲೆಗಳಲ್ಲಿದ್ದಾರೆ. ಅವರ ಮುಂದೆ ‘ದ್ವೀಪ’ವನ್ನು ಪ್ರಸ್ತಾಪಿಸುವಾಗ ಲೇಖಕರ ನೌಕರಿಯ ವಿವರವನ್ನು ಬಿಟ್ಟರೆ ಪಾಠದ ಅರ್ಧ ಬಲ ಹೋದಂತೆಯೇ.

ಹಾಸನದ ಬಾನು ಮುಷ್ತಾಕ್ ಅವರು ‘ಲಂಕೇಶ್ ಪತ್ರಿಕೆ’ಯ ವರದಿಗಾರರಾಗಿ, ಆಮೇಲೆ ವಕೀಲರಾಗಿ ಕೆಲಸ ಮಾಡಿದವರು. ನ್ಯಾಯ ಕೇಳಿ ಬಂದ ಹೆಣ್ಣುಮಕ್ಕಳ ಬದುಕು ಅವರ ಕಥೆಗಳ ಒಡಲಿನಲ್ಲಿದೆ. ದೀಪಾ ಭಾಸ್ತಿ ಅನುವಾದಿಸಿದ ಹನ್ನೆರಡು ಕಥೆಗಳ ಸಂಕಲನ ‘ಹಾರ್ಟ್ ಲ್ಯಾಂಪ್’ಗೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಿತು. ಪ್ರಶಸ್ತಿಯ ಹೆಸರನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುವವರು ವಕೀಲಿಯ ಮಾತನ್ನೂ ಹೇಳಬೇಕು.

2. ದುಡಿಮೆ ಅನ್ನವನ್ನು ಕೊಟ್ಟದ್ದು, ವಸ್ತುವನ್ನಲ್ಲ

ಇಲ್ಲಿ ಪ್ರಶಿಕ್ಷಣಾರ್ಥಿಗಳು ಎಚ್ಚರದಿಂದಿರಬೇಕು. ಶ್ರೀನಿವಾಸ ವೈದ್ಯರು ಕೆನರಾ ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದರು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರ ‘ಹಳ್ಳ ಬಂತು ಹಳ್ಳ’ ಕಾದಂಬರಿಯಲ್ಲಿ ನಾವು ಕಾಣುವುದು ಬ್ಯಾಂಕನ್ನಲ್ಲ, ನವಲಗುಂದದ ಒಂದು ಮನೆತನವನ್ನು ಮತ್ತು ಆ ಸೀಮೆಯ ಮಾತಿನ ಸೊಗಡನ್ನು. ಕಾಯ್ಕಿಣಿಯವರ ಕಥೆಗಳಲ್ಲಿಯೂ ಪ್ರಯೋಗಾಲಯ ಮುಖ್ಯವಲ್ಲ. ನೌಕರಿ ಅವರನ್ನು ಮುಂಬಯಿಗೆ ಕರೆದೊಯ್ದಿತು. ಆ ನಗರದ ಲೋಕಲ್ ರೈಲು, ಚಾಳು, ಬಡಾವಣೆಗಳ ಸಾಮಾನ್ಯ ಜನರು ‘ತೂಫಾನ್ ಮೇಲ್’ನಂಥ ಸಂಕಲನಗಳ ಒಳಗೆ ಬಂದರು. ಅವರ ಮುಂಬಯಿ ಕಥೆಗಳ ಇಂಗ್ಲಿಷ್ ಅನುವಾದ ‘ನೋ ಪ್ರೆಸೆಂಟ್ಸ್ ಪ್ಲೀಸ್’ 2018ರ ಡಿಎಸ್‌ಸಿ ಪ್ರಶಸ್ತಿ ಪಡೆಯಿತು. ‘ಬ್ಯಾಂಕಿನವರು, ಆದ್ದರಿಂದ ಬ್ಯಾಂಕಿನ ಕಥೆ’ ಎಂಬಂಥ ಸುಲಭ ಸೂತ್ರವನ್ನು ಮಕ್ಕಳಿಗೆ ಕಲಿಸಬಾರದು.

3. ದುಡಿಮೆ ಬೇರೆಯವರ ಬರಹಕ್ಕೆ ದಾರಿ ಮಾಡಿದ್ದು

ಸಂಡೂರಿನ ವಸುಧೇಂದ್ರ ಅವರು ಸಾಫ್ಟ್‌ವೇರ್ ಕ್ಷೇತ್ರದಲ್ಲಿದ್ದವರು. ‘ಮೋಹನಸ್ವಾಮಿ’ (2013), ‘ತೇಜೋ ತುಂಗಭದ್ರಾ’ (2019) ಬರೆದದ್ದಲ್ಲದೆ ‘ಛಂದ ಪುಸ್ತಕ’ ಪ್ರಕಾಶನವನ್ನು ಕಟ್ಟಿ ಹೊಸ ಕಥೆಗಾರರ ಮೊದಲ ಪುಸ್ತಕಗಳನ್ನು ಹೊರತಂದರು.

ಈ ಬಗೆಗೆ ನಮ್ಮ ಊರಿನಲ್ಲಿಯೇ ದೊಡ್ಡ ಮಾದರಿಯಿದೆ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದ ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿ ಮಾಡಿದರು. ತಾಡೋಲೆ, ಕೋರಿಕಾಗದಗಳಲ್ಲಿದ್ದ ವಚನಗಳನ್ನು ಮನೆಮನೆಯಿಂದ ಹುಡುಕಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಹಿತಚಿಂತಕ ಮುದ್ರಣಾಲಯವನ್ನು ತೆರೆದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಇದಕ್ಕಾಗಿ ಸ್ವಂತ ಮನೆಯನ್ನೂ ಮಾರಿದರು. ವಚನದ ಪಾಠ ಮಾಡುವ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ಈ ವಕೀಲರ ದುಡಿಮೆಗೆ ಋಣಿ.

ತರಗತಿಯಲ್ಲಿ ಹೇಗೆ?

ಪರಿಚಯಕ್ಕೆ ಸಿಗುವ ಸಮಯ ಐದಾರು ನಿಮಿಷ. ಅಷ್ಟರಲ್ಲಿಯೇ ಈ ಕೆಳಗಿನ ಕ್ರಮವನ್ನು ಅನುಸರಿಸಬಹುದು.

ಮೊದಲನೆಯದಾಗಿ, ಪರಿಚಯವನ್ನು ಎರಡು ಭಾಗ ಮಾಡಿರಿ. ಪಾಠದ ಆರಂಭದಲ್ಲಿ ಹೆಸರು, ಊರು, ದುಡಿಮೆ ಇಷ್ಟನ್ನು ಮಾತ್ರ ಹೇಳಿರಿ. ಕೃತಿಗಳು ಮತ್ತು ಪ್ರಶಸ್ತಿಗಳನ್ನು ಪಾಠದ ಕೊನೆಗೆ ಇಟ್ಟುಕೊಳ್ಳಿರಿ. ಕಥೆಯನ್ನು ಓದಿದ ಮೇಲೆ ಲೇಖಕರ ಉಳಿದ ಪುಸ್ತಕಗಳ ಹೆಸರು ಕೇಳಲು ಮಕ್ಕಳಿಗೇ ಮನಸ್ಸಾಗಿರುತ್ತದೆ.

ಎರಡನೆಯದಾಗಿ, ಕಪ್ಪುಹಲಗೆಯ ಮೇಲೆ ‘ದುಡಿಮೆ’, ‘ಕಂಡದ್ದು’, ‘ಬರೆದದ್ದು’ ಎಂದು ಮೂರು ಅಂಕಣ ಹಾಕಿರಿ. ಮೊದಲನೆಯದನ್ನು ನೀವು ತುಂಬಿರಿ. ಎರಡನೆಯ ಮತ್ತು ಮೂರನೆಯ ಅಂಕಣಗಳನ್ನು ಪಠ್ಯದ ಆಧಾರದಿಂದ ಮಕ್ಕಳೇ ತುಂಬಲಿ. ‘ಈ ವಿವರವನ್ನು ಹತ್ತಿರದಿಂದ ನೋಡದವರು ಬರೆಯಲು ಸಾಧ್ಯವೇ?’ ಎಂಬುದು ಇಲ್ಲಿ ಉಪಯುಕ್ತ ಪ್ರಶ್ನೆ. ಸಂಬಂಧ ಕಾಣದಿದ್ದರೆ ಅಂಕಣ ಖಾಲಿ ಉಳಿಯಲಿ, ಎಳೆದು ತಂದು ತುಂಬುವುದು ಬೇಡ.

ಮೂರನೆಯದಾಗಿ, ಮನೆಗೆಲಸ. ಮನೆಯ ಹಿರಿಯರೊಬ್ಬರ ದುಡಿಮೆಯಲ್ಲಿ ಬಳಕೆಯಾಗುವ ಹತ್ತು ಮಾತುಗಳನ್ನು ಕೇಳಿ ಬರೆದುಕೊಂಡು ಬರಲು ಹೇಳಿರಿ. ದ್ರಾಕ್ಷಿ ತೋಟ, ಒಣದ್ರಾಕ್ಷಿ ಶೆಡ್ಡು, ಗ್ಯಾರೇಜು, ಹೊಲಿಗೆ ಯಾವುದಾದರೂ ಸರಿ.

ಒಂದು ಎಚ್ಚರಿಕೆ

ಮುದ್ದೇಬಿಹಾಳದಲ್ಲಿ 1956ರಲ್ಲಿ ಹುಟ್ಟಿದ ಅರವಿಂದ ಮಾಲಗತ್ತಿಯವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದವರು. ಅವರ ಆತ್ಮಕಥನ ‘ಗೌರ್ಮೆಂಟ್ ಬ್ರಾಹ್ಮಣ’ (1994) ನಮ್ಮ ಜಿಲ್ಲೆಯ ಬಾಲ್ಯವೊಂದರ ದಾಖಲೆ. ಇಂಥ ಕೃತಿಯನ್ನು ಪರಿಚಯಿಸುವಾಗ ‘ನಿಮ್ಮಲ್ಲಿ ಯಾರಿಗೆ ಹೀಗಾಗಿದೆ?’ ಎಂದು ಎಲ್ಲರೆದುರು ಕೇಳಕೂಡದು. ಲೇಖಕರು ತಾವಾಗಿ, ದೊಡ್ಡವರಾದ ಮೇಲೆ ಹೇಳಿಕೊಂಡದ್ದನ್ನು ಹದಿನಾಲ್ಕರ ಮಗು ತರಗತಿಯ ನಡುವೆ ನಿಂತು ಹೇಳಬೇಕಾಗಿಲ್ಲ. ಮನೆಯ ದುಡಿಮೆಯ ಪ್ರಶ್ನೆಗೂ ಇದೇ ಮಾತು ಸಲ್ಲುತ್ತದೆ. ಮನೆಗೆಲಸವನ್ನು ಯಾರದೆಂದು ಹೆಸರಿಸದೆ ಓದಿರಿ.

ಮರುವಾರದ ಪಾಠ

ಹಿಮ್ಮಾಹಿತಿಯ ಸಮಯದಲ್ಲಿ ನನ್ನ ‘ಉತ್ತಮ’ವನ್ನು ಹೊಡೆದುಹಾಕಿ, ಅದಕ್ಕೆ ಕಾರಣವನ್ನು ಪ್ರಶಿಕ್ಷಣಾರ್ಥಿಗೆ ಹೇಳಿದೆ. ಅವರು ಬೇಸರಿಸಿಕೊಳ್ಳಲಿಲ್ಲ. ಮರುವಾರ ಅದೇ ತರಗತಿಗೆ ಹೋದಾಗ ಆ ಹುಡುಗನ ಹತ್ತಿರ ನಿಂತು, “ನೀನು ಅವತ್ತು ಕೇಳಿದ್ದು ಸರಿಯಾಗಿತ್ತು, ನಾನು ತಪ್ಪು ಹೇಳಿದ್ದೆ” ಎಂದು ಹೇಳಿ ಕಾಯ್ಕಿಣಿಯವರ ನೌಕರಿಯ ವಿವರ ಕೊಟ್ಟರು. “ಮತ್ತ ಬರಿಯೂದು ಯಾವಾಗ್ರೀ?” ಎಂದು ಅವನ ಮರುಪ್ರಶ್ನೆ. ಈ ಸಲ ಯಾರೂ ನಗಲಿಲ್ಲ. ರಾತ್ರಿ, ರಜೆಯಲ್ಲಿ, ರೈಲಿನಲ್ಲಿ ಎಂದು ಮಕ್ಕಳೇ ಊಹಿಸತೊಡಗಿದರು. ಆ ಎರಡು ನಿಮಿಷಗಳಲ್ಲಿ ತರಗತಿ ಲೇಖಕರೊಬ್ಬರನ್ನು ಮನುಷ್ಯರಾಗಿ ಕಂಡಿತ್ತು.

ನಮ್ಮ ವೀಕ್ಷಣಾ ನಮೂನೆಯಲ್ಲಿ ‘ಕೃತಿಕಾರರ ಪರಿಚಯ’ದ ಎದುರು ಅಂಕ ಹಾಕುವ ಮೊದಲು ಸಹೋದ್ಯೋಗಿಗಳು ಒಂದು ಸಂಗತಿಯನ್ನು ನೋಡಬೇಕೆಂದು ನನ್ನ ಕೋರಿಕೆ: ಪರಿಚಯದ ಯಾವುದಾದರೂ ಒಂದು ವಿವರ ಪಾಠದೊಳಗೆ ಮತ್ತೆ ಉಪಯೋಗಕ್ಕೆ ಬಂದಿತೇ? ಬಾರದಿದ್ದರೆ ಚಾರ್ಟು ಎಷ್ಟೇ ಅಂದವಾಗಿರಲಿ, ಪರಿಚಯ ಆಗಿಲ್ಲ.

ಪ್ರಶಿಕ್ಷಣಾರ್ಥಿಗಳಿಗೆ ಇನ್ನೊಂದು ಮಾತು. ಚಡಚಣದ ಸಿಂಪಿ ಲಿಂಗಣ್ಣನವರು ಕನ್ನಡ ಶಾಲೆಯ ಮಾಸ್ತರರಾಗಿದ್ದರು. ಹಲಸಂಗಿಯ ಗೆಳೆಯರೊಡನೆ ಸೇರಿ ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಬರೆದುಕೊಂಡರು. 1931ರ ‘ಗರತಿಯ ಹಾಡು’ ಆ ದುಡಿಮೆಯ ಫಲ. ನಾಳೆ ನೀವು ಸೇರುವ ಶಾಲೆಯ ಸುತ್ತಲೂ ಕೇಳಿ ಬರೆದುಕೊಳ್ಳಬೇಕಾದ ಮಾತುಗಳಿವೆ. ಮಕ್ಕಳು ತರುವ ಆ ಹತ್ತು ಮಾತುಗಳ ಹಾಳೆಗಳನ್ನು ರದ್ದಿಗೆ ಹಾಕಬೇಡಿರಿ.