‘ಅನ್ನುಲ್ಲಾರೆ’ ಮತ್ತು ‘ರದ್ದು’: ಭಾಷಾಂತರದಲ್ಲಿ ಕಾಲದ ಪ್ರಶ್ನೆ

ಇಟಾಲಿಯನ್ ಭಾಷೆಯ ‘ಅನ್ನುಲ್ಲಾರೆ’ ಎಂಬ ಕ್ರಿಯಾಪದವು ‘ಏನೂ ಇಲ್ಲ’ ಎಂಬರ್ಥದ ಲ್ಯಾಟಿನ್ ಪದದಿಂದ ನಿಷ್ಪನ್ನವಾದುದು. ಇದಕ್ಕೆ ಇಂಗ್ಲಿಷಿನಲ್ಲಿ ಒಂದೇ ಸಮಾನಪದವಿಲ್ಲ. ಕಾಯ್ದಿರಿಸಿದ ಟಿಕೆಟ್ಟಿಗೆ ‘ಕ್ಯಾನ್ಸಲ್’, ವಿವಾಹಕ್ಕೆ ‘ಅನ್ನಲ್’, ಮತಪತ್ರಕ್ಕೆ ‘ಇನ್‌ವ್ಯಾಲಿಡೇಟ್’, ಫುಟ್‌ಬಾಲಿನ ಗೋಲಿಗೆ ‘ಡಿಸ್‌ಅಲೌ’ ಎಂಬ ಪದಗಳು ಬಳಕೆಯಾಗುತ್ತವೆ. ಅಂಚೆಚೀಟಿಯ ಮೇಲೆ ಮೊಹರು ಒತ್ತುವುದೂ ಇಟಾಲಿಯನ್ನರಿಗೆ ‘ಅನ್ನುಲ್ಲಾರೆ’ಯೇ. ಅಲ್ಲಿ ಚೀಟಿಯು ತಿರಸ್ಕೃತವಾಗುವುದಿಲ್ಲ; ಅದರ ಬೆಲೆ ಸಂದುಹೋಗುತ್ತದೆ.

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಕನ್ನಡದಲ್ಲಿ ಈ ಬಹುತೇಕ ಸಂದರ್ಭಗಳನ್ನು ‘ರದ್ದು’ ಎಂಬ ಒಂದೇ ಪದ ನಿರ್ವಹಿಸುತ್ತದೆ. ಅರಬ್ಬಿ ಮೂಲದಲ್ಲಿ ಇದರ ಅರ್ಥ ಹಿಂದಿರುಗಿಸುವುದು, ನಿರಾಕರಿಸುವುದು. 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದ ಈ ಪ್ರದೇಶದಲ್ಲಿ ಉರ್ದು ಆಡಳಿತದ ಹಾಗೂ ನ್ಯಾಯಾಲಯದ ಭಾಷೆಯಾಗಿತ್ತು. ಆ ಪದಕೋಶದಲ್ಲಿ ‘ರದ್ದು’ ಒಂಟಿಯಾಗಿರಲಿಲ್ಲ. ಅರ್ಜಿ ‘ವಜಾ’ ಆಗುತ್ತಿತ್ತು, ಸಭೆ ‘ಬರಖಾಸ್ತು’ ಆಗುತ್ತಿತ್ತು, ಖಾತೆಯಿಂದ ಹೊರಬಿದ್ದ ಜಮೀನು ‘ಖಾರಿಜ್ ಖಾತಾ’ ಎನಿಸಿಕೊಳ್ಳುತ್ತಿತ್ತು. ಇಂದು ‘ರದ್ದು’ವಿನ ಅರ್ಥವ್ಯಾಪ್ತಿ ವಿಶಾಲವಾಗಿದೆ. ವಾಡಿ ಜಂಕ್ಷನ್ನಿನಲ್ಲಿ ರೈಲು ರದ್ದಾಗುತ್ತದೆ. ಸೇಡಂನಲ್ಲಿ ಕ್ರಯಪತ್ರವೂ ರದ್ದಾಗುತ್ತದೆ.

ಈ ವ್ಯಾಪ್ತಿಯಲ್ಲಿ ಮರೆಯಾಗುವುದು ಕಾಲದ ಸೂಚನೆ. 1949ರಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಜಹಗೀರುಗಳು ರದ್ದಾದಾಗ ಪದ್ಧತಿಯು ಅಂದಿನಿಂದ ಕೊನೆಗೊಂಡಿತೇ ಹೊರತು ಅದು ಹಿಂದೆ ಇರಲೇ ಇಲ್ಲವೆಂದು ಆಗಲಿಲ್ಲ. ಇಂಥಲ್ಲಿ ಇಟಾಲಿಯನ್ ಭಾಷೆ ‘ಅಬೊಲಿರೆ’ ಎಂಬ ಬೇರೆ ಕ್ರಿಯಾಪದವನ್ನು ಬಳಸುತ್ತದೆ. 1942ರ ಇಟಲಿಯ ನಾಗರಿಕ ಸಂಹಿತೆಯು ಮೊದಲಿನಿಂದಲೇ ಶೂನ್ಯವಾದ ಕರಾರನ್ನೂ ನ್ಯಾಯಾಲಯವು ಶೂನ್ಯಗೊಳಿಸಬಹುದಾದ ಕರಾರನ್ನೂ ಪ್ರತ್ಯೇಕಿಸುತ್ತದೆ. ‘ಅನ್ನುಲ್ಲಾರೆ’ ಸಲ್ಲುವುದು ಎರಡನೆಯದಕ್ಕೆ. ಮೊದಲನೆಯದರ ಶೂನ್ಯತೆಯನ್ನು ನ್ಯಾಯಾಲಯವು ಘೋಷಿಸುತ್ತದೆಯಷ್ಟೆ.

1955ರ ಹಿಂದೂ ವಿವಾಹ ಅಧಿನಿಯಮದಲ್ಲಿಯೂ ಇಂಥದೇ ವಿಂಗಡಣೆಯಿದೆ. 11ನೆಯ ಪ್ರಕರಣವು ಶೂನ್ಯ ವಿವಾಹವನ್ನೂ 12ನೆಯದು ಶೂನ್ಯಗೊಳಿಸಬಹುದಾದ ವಿವಾಹವನ್ನೂ 13ನೆಯದು ವಿಚ್ಛೇದನವನ್ನೂ ಕುರಿತವು. ಕನ್ನಡದಲ್ಲಿ ‘ಮದುವೆ ರದ್ದಾಯಿತು’ ಎಂಬ ವಾಕ್ಯವು ಈ ಮೂರಕ್ಕೂ, ನಿಶ್ಚಯವಾದ ಮದುವೆ ನಿಂತುಹೋದುದಕ್ಕೂ ಒದಗಬಲ್ಲುದು. ಚಿಂಚೋಳಿಯ ಕಕ್ಷಿದಾರಳೊಬ್ಬಳು ತೀರ್ಪಿನ ಇಂಥ ಸಾರಾಂಶವನ್ನಷ್ಟೇ ಓದಿದರೆ ತಾನು ವಿಚ್ಛೇದಿತೆಯೋ, ಕಾನೂನಿನ ದೃಷ್ಟಿಯಲ್ಲಿ ವಿವಾಹಿತೆಯೇ ಆಗಿರಲಿಲ್ಲವೋ ಎಂಬುದನ್ನು ಅರಿಯಲಾರಳು.

ಆದರೆ ‘ರದ್ದು’ ಪದವನ್ನು ದೋಷವೆಂದು ಭಾವಿಸಬೇಕಾಗಿಲ್ಲ. ಕನ್ನಡದಲ್ಲಿ ಪದಗಳ ಕೊರತೆಯೂ ಇಲ್ಲ. ಆರಂಭದಿಂದಲೇ ಊರ್ಜಿತವಲ್ಲದ್ದಕ್ಕೆ ‘ಶೂನ್ಯ’, ಮಾನ್ಯವಲ್ಲದ ಮತಕ್ಕೆ ‘ಅಸಿಂಧು’, ಕಾಯ್ದೆಯನ್ನು ಹಿಂತೆಗೆಯುವುದಕ್ಕೆ ‘ನಿರಸನ’ ಎಂಬ ಪದಗಳು ಈಗಾಗಲೇ ರೂಢಿಯಲ್ಲಿವೆ. ವಸ್ತುವೊಂದು ಇಲ್ಲವಾದುದು ಯಾವಾಗಿನಿಂದ ಎಂಬ ಪ್ರಶ್ನೆಗೆ ಉತ್ತರ ಕಂಡುಕೊಂಡ ಬಳಿಕವೇ ಭಾಷಾಂತರಕಾರನು ಇವುಗಳಲ್ಲೊಂದನ್ನು ಆಯ್ದುಕೊಳ್ಳುವುದು ಉಚಿತ.