ಕೊಬ್ಬಿನ ಬುತ್ತಿ ಕಟ್ಟಿಕೊಂಡ ಹುಳು

ಸೂಕ್ಷ್ಮದರ್ಶಕದಡಿ ಅದು ಬಾಲದ ತುದಿಯ ಮೇಲೆ ನೆಟ್ಟಗೆ ನಿಂತಿರುತ್ತದೆ. ಅರ್ಧ ಮಿಲಿಮೀಟರ್ ಉದ್ದದ, ಕೂದಲೆಳೆಗಿಂತ ತೆಳ್ಳಗಿನ ಮರಿಹುಳು. ತಲೆಯನ್ನು ಗಾಳಿಯಲ್ಲಿ ಅತ್ತಿತ್ತ ಆಡಿಸುತ್ತ, ದಾರಿಯಲ್ಲಿ ಸಿಕ್ಕ ಯಾವುದಾದರೂ ಕೀಟದ ಮೈಗೆ ಅಂಟಿಕೊಂಡು ಬೇರೆ ಜಾಗ ಸೇರಲು ಹವಣಿಸುತ್ತಿರುತ್ತದೆ. ಅದರ ಬಾಯಿ ಮುಚ್ಚಿಹೋಗಿದೆ, ಏನನ್ನೂ ತಿನ್ನುವುದಿಲ್ಲ. ಪಾರದರ್ಶಕವಾದ ಮೈಯೊಳಗೆ ಕರುಳಿನುದ್ದಕ್ಕೂ ಕಪ್ಪಗೆ ಕಾಣುವುದು ಕೊಬ್ಬಿನ ಹನಿಗಳು. ಮುಂದಿನ ಎಷ್ಟೋ ವಾರಗಳಿಗೆ ಅದರ ಹತ್ತಿರ ಇರುವುದು ಇಷ್ಟೇ ಬುತ್ತಿ.

ಇದು ಸಿ. ಎಲೆಗನ್ಸ್ ಎಂಬ ದುಂಡುಹುಳು. ಕೊಳೆಯುವ ಹಣ್ಣು, ಕಾಂಡ, ಗೊಬ್ಬರದಲ್ಲಿ ಬ್ಯಾಕ್ಟೀರಿಯ ತಿಂದು ಬದುಕುವ ಜೀವಿ. ಪ್ರಯೋಗಾಲಯಗಳಲ್ಲಿರುವ ಮೂಲ ತಳಿ ಬಂದದ್ದು ಇಂಗ್ಲೆಂಡಿನ ಬ್ರಿಸ್ಟಲ್ ಬಳಿ ಅಣಬೆ ಬೆಳೆಯಲು ಹಾಕಿದ್ದ ಗೊಬ್ಬರದಿಂದ. 1960ರ ದಶಕದಲ್ಲಿ ಸಿಡ್ನಿ ಬ್ರೆನ್ನರ್ ಇದನ್ನು ಅಧ್ಯಯನಕ್ಕೆ ಆರಿಸಿಕೊಂಡರು. 2002ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಬಂದದ್ದು ಇದರ ಮೇಲಿನ ಕೆಲಸಕ್ಕೇ. ಉಣ್ಣಲು ಸಾಕಷ್ಟಿದ್ದರೆ ಹುಳು ಮೂರು ದಿನಕ್ಕೆ ಪ್ರಾಯಕ್ಕೆ ಬಂದು, ಎರಡು-ಮೂರು ವಾರಕ್ಕೆ ಸಾಯುತ್ತದೆ. ಆದರೆ ಮರಿ ಬೆಳೆಯುತ್ತಿರುವಾಗಲೇ ಊಟ ಕಡಿಮೆಯಾದರೆ, ಸುತ್ತ ಹುಳುಗಳ ಸಂದಣಿ ಹೆಚ್ಚಾದರೆ, ಸೆಕೆ ಏರಿದರೆ, ಅದು ಮಾಮೂಲಿ ದಾರಿ ಬಿಟ್ಟು ‘ಡೌವರ್’ ಎಂಬ ಸ್ಥಿತಿಗೆ ಹೊರಳುತ್ತದೆ. ಜರ್ಮನ್ ಭಾಷೆಯಲ್ಲಿ ಈ ಪದಕ್ಕೆ ಬಾಳಿಕೆ, ದೀರ್ಘ ಅವಧಿ ಎಂಬ ಅರ್ಥ. ಹಾಗೆ ಹೊರಳಿದ ಮರಿ ಉಪವಾಸವಿದ್ದುಕೊಂಡೇ ತಿಂಗಳುಗಟ್ಟಲೆ ಬದುಕುತ್ತದೆ. ಶೇಕಡಾ ಒಂದರ ಮಾರ್ಜಕದ ದ್ರಾವಣಕ್ಕೆ ಹಾಕಿದರೆ ಉಳಿದ ಹುಳುಗಳೆಲ್ಲ ಸತ್ತು, ಡೌವರ್ ಮಾತ್ರ ಈಜುತ್ತಿರುತ್ತದೆ. ಅದನ್ನು ಬೇರ್ಪಡಿಸಲು ಸಂಶೋಧಕರು ಬಳಸುವ ಉಪಾಯವೂ ಇದೇ.

ಜೀವಕೋಶ ಕಷ್ಟಕ್ಕೆ ಸಿಕ್ಕಾಗ ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಬಹುಕಾಲ ನಾವು ಹೇಳಿಕೊಂಡು ಬಂದದ್ದು ಪ್ರೋಟೀನಿನ ಕಥೆ. ಇಟಲಿಯ ಫೆರುಚ್ಚಿಯೊ ರಿತೊಸ್ಸಾ ಹಣ್ಣುನೊಣಗಳ ಮರಿಗಳನ್ನು ಇಟ್ಟಿದ್ದ ಪೆಟ್ಟಿಗೆಯ ಉಷ್ಣತೆಯನ್ನು ಯಾರೋ ಏರಿಸಿಬಿಟ್ಟಿದ್ದರು; ವರ್ಣತಂತುಗಳಲ್ಲಿ ಹಿಂದೆ ಕಾಣದ ಉಬ್ಬುಗಳು ಎದ್ದಿದ್ದವು. 1962ರಲ್ಲಿ ಅವರು ಅದನ್ನು ಪ್ರಕಟಿಸಿದರು. ಬಿಸಿ ತಾಗಿದೊಡನೆ ಕೆಲವು ಜೀನ್‌ಗಳು ಎಚ್ಚೆತ್ತು, ಮುದುಡಿದ ಪ್ರೋಟೀನುಗಳನ್ನು ಸರಿಪಡಿಸುವ ರಕ್ಷಕ ಪ್ರೋಟೀನುಗಳನ್ನು ತಯಾರಿಸುತ್ತವೆ ಎಂದು ಆಮೇಲೆ ತಿಳಿಯಿತು. ಸುಳ್ಳಲ್ಲ, ಆದರೆ ಅರ್ಧ ಕಥೆ. ಇನ್ನರ್ಧ ಕೊಬ್ಬಿನದು. ನಮ್ಮ ಮಾತಿನಲ್ಲಿ ‘ಅವನಿಗೆ ಕೊಬ್ಬು’ ಎಂದರೆ ಸೊಕ್ಕು ಎಂದರ್ಥ. ಕೊಬ್ಬು ಬೇಡದ್ದು, ಕರಗಿಸಬೇಕಾದದ್ದು. ಈ ಹುಳುವನ್ನು ಹತ್ತಿರದಿಂದ ನೋಡಿದ ಮೇಲೆ ಆ ಪದವನ್ನು ಅಷ್ಟು ಹಗುರವಾಗಿ ಬಳಸಲು ನನಗೆ ಮನಸ್ಸು ಬರುವುದಿಲ್ಲ.

ಕಷ್ಟ ಬಂದಿದೆ ಎಂಬ ಸುದ್ದಿಯಿಂದಲೇ ಶುರು ಮಾಡೋಣ. ಹುಳುಗಳು ಸದಾ ಒಂದು ರಾಸಾಯನಿಕವನ್ನು ಹೊರಬಿಡುತ್ತಿರುತ್ತವೆ. ಸಂದಣಿ ಹೆಚ್ಚಿದಷ್ಟೂ ಅದು ದಟ್ಟವಾಗುತ್ತದೆ, ಮರಿಗಳು ಅದನ್ನು ಗ್ರಹಿಸಿ ಡೌವರ್ ಕಡೆಗೆ ತಿರುಗುತ್ತವೆ. ಒಂದು ಸಕ್ಕರೆಗೆ ಜೋಡಿಸಿದ ಕೊಬ್ಬಿನಾಮ್ಲದ ತುಂಡು ಅದು. ಉದ್ದನೆಯ ಕೊಬ್ಬಿನಾಮ್ಲವನ್ನು ಕಿಣ್ವಗಳು ಕತ್ತರಿಸಿ ಕತ್ತರಿಸಿ ಮೊಟಕು ಮಾಡಿದಾಗ ಅದು ಸಿದ್ಧವಾಗುತ್ತದೆ. ಇನ್ನು ‘ಬೇಡ, ಬೆಳೆ’ ಎನ್ನುವ ಎದುರು ಆಜ್ಞೆ ಒಂದು ಹಾರ್ಮೋನಿನದು, ಅದನ್ನು ತಯಾರಿಸುವುದು ಕೊಲೆಸ್ಟರಾಲ್‌ನಿಂದ. ಹುಳುವಿಗೆ ಕೊಲೆಸ್ಟರಾಲನ್ನು ತಾನೇ ಮಾಡಿಕೊಳ್ಳಲು ಬಾರದು, ಆಹಾರದಲ್ಲೇ ಸಿಗಬೇಕು. ಹೊರಗಿನ ಕಾಲ ಚೆನ್ನಾಗಿದ್ದು ಹಾರ್ಮೋನು ಸಿದ್ಧವಾದರೆ ಮರಿ ಬೆಳೆಯುತ್ತದೆ, ಆಗದಿದ್ದರೆ ಡೌವರ್ ಆಗುತ್ತದೆ.

ಡೌವರ್ ಆದ ಮೇಲೆ ದೊಡ್ಡ ಸವಾಲು ಖರ್ಚಿನದು. ಎಎಂಪಿಕೆ ಎಂಬ ಕಿಣ್ವ ನಮ್ಮ ಜೀವಕೋಶಗಳಲ್ಲೂ ಇದೆ, ಶಕ್ತಿ ತಗ್ಗಿದಾಗ ಎಚ್ಚರಗೊಳ್ಳುತ್ತದೆ. ಕೆನಡಾದ ಪ್ಯಾಟ್ರಿಕ್ ನಾರ್ಬನ್ ಮತ್ತು ರಿಚರ್ಡ್ ರಾಯ್ 2009ರಲ್ಲಿ ಈ ಕಿಣ್ವವಿಲ್ಲದ ಡೌವರ್‌ಗಳನ್ನು ಗಮನಿಸಿದರು. ಅವುಗಳಲ್ಲೂ ಕೊಬ್ಬು ಇತ್ತು. ಆದರೆ ಅದನ್ನು ಒಡೆಯುವ ಲೈಪೇಸ್ ಕಿಣ್ವಕ್ಕೆ ಲಗಾಮು ಹಾಕುವವರೇ ಇರಲಿಲ್ಲ. ತಿಂಗಳುಗಟ್ಟಲೆ ಬರಬೇಕಿದ್ದ ಬುತ್ತಿ ಬೇಗನೆ ಬರಿದಾಗಿ, ದೇಹದ ನೀರು-ಲವಣಗಳ ಹದ ಕೆಟ್ಟು ಹುಳುಗಳು ಸತ್ತವು. ಉಗ್ರಾಣ ತುಂಬಿದ್ದರೆ ಸಾಲದು, ಅದರ ಬೀಗದಕೈ ಇಟ್ಟುಕೊಂಡವರೂ ಬೇಕು.

ನೀರೂ ಆರಿಹೋದರೆ? ಜರ್ಮನಿಯ ಡ್ರೆಸ್ಡೆನ್‌ನಲ್ಲಿ ತೈಮುರಾಜ್ ಕುರ್ಜ್‌ಚಾಲಿಯಾ ಅವರ ತಂಡ ಈ ಪ್ರಶ್ನೆಯ ಬೆನ್ನು ಹತ್ತಿತು. ಡೌವರನ್ನು ನೇರವಾಗಿ ಒಣಗಿಸಿದರೆ ಸಾಯುತ್ತದೆ. ಶೇಕಡಾ 98ರಷ್ಟು ತೇವವಿರುವ ಗಾಳಿಯಲ್ಲಿ ಕೆಲವು ದಿನ ಇಟ್ಟು ಆಮೇಲೆ ಒಣಗಿಸಿದರೆ ಬದುಕುತ್ತದೆ. ಸಣ್ಣ ಒಣಹವೆ ದೊಡ್ಡ ಬರಗಾಲದ ಮುನ್ಸೂಚನೆಯಾಗಿ, ಹುಳು ಮೈಯಲ್ಲಿ ಟ್ರೆಹಲೋಸ್ ಎಂಬ ಸಕ್ಕರೆ ತುಂಬಿಕೊಳ್ಳುತ್ತದೆ. ನೀರಿಲ್ಲದಾಗ ಜೀವಕೋಶದ ಪೊರೆ ಕುಸಿಯದಂತೆ ಆ ಸಕ್ಕರೆ ತಡೆಯುತ್ತದೆ. ಊಟವಿಲ್ಲದ ಹುಳುವಿಗೆ ಸಕ್ಕರೆ ಎಲ್ಲಿಂದ ಬಂತು? ಕೂಡಿಟ್ಟ ಕೊಬ್ಬಿನಿಂದ. ಕೊಬ್ಬಿನಾಮ್ಲವನ್ನು ಸಕ್ಕರೆಯಾಗಿ ಬದಲಿಸುವ ಈ ಒಳದಾರಿ ನಮ್ಮ ದೇಹದಲ್ಲಿಲ್ಲ. ಹರಳುಬೀಜ ಮೊಳೆಯುವಾಗ ಒಳಗಿನ ಎಣ್ಣೆಯೆಲ್ಲ ಸಕ್ಕರೆಯಾಗಿ ಎಳೆಯ ಸಸಿಗೆ ಸಲ್ಲುವುದು ಇದೇ ದಾರಿಯಲ್ಲಿ.

ಕೊಬ್ಬು ಬರೀ ಬುತ್ತಿಯಲ್ಲ, ಗೋಡೆಯೂ ಹೌದು. ಪ್ರತಿ ಜೀವಕೋಶದ ಪೊರೆ ಕೊಬ್ಬಿನದೇ. ಚಳಿಗಾಲದ ಬೆಳಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟಿದ್ದರೆ ಪಕ್ಕದ ಕಡಲೆಕಾಯಿ ಎಣ್ಣೆ ತೆಳ್ಳಗೇ ಇರುತ್ತದೆ. ಕೊಬ್ಬರಿ ಎಣ್ಣೆಯ ಕೊಬ್ಬಿನಾಮ್ಲಗಳು ಬಹುಪಾಲು ನೆಟ್ಟಗಿರುವಂಥವು. ಸೌದೆ ಹೊರೆಯ ಹಾಗೆ ಒತ್ತಾಗಿ ಕೂರುತ್ತವೆ. ಕಡಲೆಕಾಯಿ ಎಣ್ಣೆಯವುಗಳಲ್ಲಿ ನಡುವೆ ಒಂದೋ ಎರಡೋ ಸೊಟ್ಟ. ಸೊಟ್ಟ ಕೊಂಬೆಗಳನ್ನು ಒತ್ತಾಗಿ ಕಟ್ಟಲಾದೀತೆ? ಚಳಿ ತಾಗಿದಾಗ ಹುಳು ‘ಫ್ಯಾಟ್-7’ ಎಂಬ ಕಿಣ್ವವನ್ನು ಹೆಚ್ಚು ತಯಾರಿಸಿ, ನೆಟ್ಟಗಿನ ಕೊಬ್ಬಿನಾಮ್ಲಗಳಿಗೆ ಸೊಟ್ಟ ಹಾಕುತ್ತದೆ. ಪೊರೆ ಮತ್ತೆ ಮೆತ್ತಗಾಗುತ್ತದೆ. ಸ್ವೀಡನ್‌ನ ಗೊಟೆನ್‌ಬರ್ಗ್‌ನಲ್ಲಿ ಮಾರ್ಕ್ ಪಿಲೊನ್ ಅವರ ತಂಡ ಪತ್ತೆಮಾಡಿದಂತೆ, ಪೊರೆಯ ಬಿರುಸನ್ನು ಗಮನಿಸಿ ಈ ಕೆಲಸಕ್ಕೆ ಚಾಲನೆ ಕೊಡುವ ಒಂದು ಪ್ರೋಟೀನಿದೆ. ಅದಿಲ್ಲದ ಹುಳುಗಳು 20 ಡಿಗ್ರಿಯಲ್ಲಿ ಬೆಳೆಯುತ್ತವೆ, 15 ಡಿಗ್ರಿಗೆ ಇಳಿಸಿದರೆ ಬೆಳೆಯಲಾರವು. ಅದರ ಬಂಧು ಪ್ರೋಟೀನು ಮನುಷ್ಯರ ಜೀವಕೋಶಗಳಲ್ಲೂ ಇದ್ದು, ಅಲ್ಲೂ ಪೊರೆಯ ಹದ ಕಾಯುತ್ತದೆ.

ಹಾಗಾದರೆ ರಿತೊಸ್ಸಾರ ಪ್ರೋಟೀನಿನ ಕಥೆ ಮತ್ತು ಈ ಕೊಬ್ಬಿನ ಕಥೆ ಎಲ್ಲಿ ಸೇರುತ್ತವೆ? 2016ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಆಂಡ್ರೂ ಡಿಲ್ಲಿನ್ ಅವರ ತಂಡ ಹುಳುವಿನ ಜೀವಕೋಶದೊಳಗೆ ಶಕ್ತಿ ತಯಾರಿಸುವ ಕೋಣೆಯಾದ ಮೈಟೊಕಾಂಡ್ರಿಯದಲ್ಲಿ ಕೆಲಸ ಮಾಡುವ ಒಂದು ರಕ್ಷಕ ಪ್ರೋಟೀನನ್ನು ತಗ್ಗಿಸಿತು. ತೊಂದರೆ ಆದದ್ದು ಮೈಟೊಕಾಂಡ್ರಿಯದೊಳಗೆ. ರಕ್ಷಕ ಪ್ರೋಟೀನುಗಳು ಹೆಚ್ಚಿದ್ದು ಅದರ ಹೊರಗೆ, ಕೋಶದ್ರವದಲ್ಲಿ. ನಡುವೆ ಹುಳುವಿನ ಮೈಯಲ್ಲಿ ಕೊಬ್ಬು ಶೇಖರವಾಗಿತ್ತು. ಕೊಬ್ಬಿನಾಮ್ಲದ ತಯಾರಿಕೆಯನ್ನು ತಡೆದಾಗ ಆ ಪ್ರತಿಕ್ರಿಯೆ ತಗ್ಗಿತು. ಒಂದು ಕೋಣೆಯ ಕಷ್ಟವನ್ನು ಇನ್ನೊಂದಕ್ಕೆ ಮುಟ್ಟಿಸುತ್ತಿದ್ದುದು ಕೊಬ್ಬು.

ಮತ್ತೆ ಬಾಲದ ಮೇಲೆ ನಿಂತ ಹುಳುವಿನ ಬಳಿ ಹೋಗೋಣ. ಕೀಟವೊಂದು ಅದನ್ನು ಕೊಳೆತ ಹಣ್ಣಿನ ಮೇಲೆ ಇಳಿಸಿತು ಎನ್ನಿ. ಬ್ಯಾಕ್ಟೀರಿಯದ ಸುಳಿವು ಸಿಕ್ಕ ಒಂದು ತಾಸಿನಲ್ಲೇ ಡೌವರ್ ಬಿಡುವ ನಿರ್ಧಾರ ಆಗಿರುತ್ತದೆ. ಎರಡು-ಮೂರು ತಾಸಿಗೆ ಗಂಟಲು ಆಡತೊಡಗಿ ಉಣ್ಣಲು ಶುರು. ಪೊರೆ ಕಳಚಿ, ಪ್ರಾಯಕ್ಕೆ ಬಂದು, ಮೊಟ್ಟೆ ಇಟ್ಟು, ಎರಡು-ಮೂರು ವಾರ ಬಾಳುತ್ತದೆ. ಡೌವರ್ ಆಗಿ ಕಳೆದ ತಿಂಗಳುಗಳು ಆ ಆಯುಷ್ಯದ ಲೆಕ್ಕಕ್ಕೆ ಸೇರುವುದಿಲ್ಲ.