ಸಾಂಕ್ರಾಮಿಕ ರೋಗದ ಗಣಿತ

ಮೇ ತಿಂಗಳು ಮುಗಿಯುತ್ತ ಬಂತೆಂದರೆ ನಮ್ಮ ವಿಟ್ಲ ಸೀಮೆಯ ಅಡಿಕೆ ತೋಟದವರು ಹವಾಮಾನದ ವರ್ತಮಾನಕ್ಕೆ ಕಿವಿಗೊಟ್ಟು ಕುಳಿತಿರುತ್ತಾರೆ. ಮಳೆ ಹಿಡಿಯುವ ಮೊದಲೇ ಅಡಿಕೆಗೆ ಮದ್ದು ಬಿಡಬೇಕು; ಮೈಲುತುತ್ತು, ಸುಣ್ಣ ತಂದಿರಿಸಬೇಕು; ಮರ ಹತ್ತುವವರನ್ನು ಗೊತ್ತುಮಾಡಬೇಕು. ಕೊಳೆರೋಗ ಗೊನೆಗೆ ತಗಲಿದ ಮೇಲೆ ಓಡಾಡಿ ಫಲವಿಲ್ಲ. ಈ ವರ್ಷ ಕೊಳೆ ಬಂದೇ ಬರುತ್ತದೆಂದು ಯಾರೂ ಪ್ರಮಾಣ ಮಾಡಿ ಹೇಳಲಾರರು. ಆದರೂ ಮದ್ದು ಬಿಡುತ್ತಾರೆ. ಏಕೆಂದರೆ ಮಳೆ ಎಡೆಬಿಡದೆ ಹಿಡಿದರೆ ಕೊಳೆ ಬಂದೀತು, ಬಂದರೆ ಇಷ್ಟು ಫಸಲು ಹೋದೀತು ಎಂಬ ಲೆಕ್ಕ ಅವರ ಮನಸ್ಸಿನಲ್ಲಿದೆ.

ಮನುಷ್ಯರನ್ನು ಕಾಡುವ ಸಾಂಕ್ರಾಮಿಕ ರೋಗಗಳ ವಿಷಯದಲ್ಲಿಯೂ ಇಂಥದೇ ಲೆಕ್ಕವನ್ನು ಮುಂಚಿತವಾಗಿ ಹಾಕಬಹುದು. ಅದಕ್ಕೆ ವಿದ್ವಾಂಸರು ‘ಗಣಿತ ಮಾದರಿ’ ಎಂದು ಹೆಸರಿಟ್ಟಿದ್ದಾರೆ. ಹೆಸರು ಕೇಳಿ ಹೆದರಬೇಕಾಗಿಲ್ಲ. ಕನ್ನಡ ಪಾಠ ಹೇಳುವವನಿಗೆ ಗಣಿತದಲ್ಲಿ ಏನು ಕೆಲಸವೆಂದೂ ಕೇಳಬೇಡಿ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಗಣಿತವು ಎಲ್ಲೆಲ್ಲಿ ಬೇಕಾಗುತ್ತದೆಂದು ಗ್ರಂಥದ ಆರಂಭದಲ್ಲಿಯೇ ಎಣಿಸುತ್ತ, ಸಂಗೀತ, ನಾಟಕ, ಅಡುಗೆಗಳ ಸಾಲಿನಲ್ಲಿ ವೈದ್ಯವನ್ನೂ ಆತ ಸೇರಿಸಿದ್ದಾನೆ. ಆ ಮಾತು ಎಷ್ಟು ನಿಜವೆಂಬುದು ನಮ್ಮ ಕಾಲದಲ್ಲಿ ಚೆನ್ನಾಗಿ ಮನವರಿಕೆಯಾಗಿದೆ.

ಲೆಕ್ಕದ ಮೂಲ ಬಹಳ ಸರಳ. ಒಬ್ಬ ರೋಗಿಯಿಂದ ಇಬ್ಬರಿಗೆ ರೋಗ ಅಂಟುತ್ತದೆ ಎನ್ನಿ. ಇಬ್ಬರಿಂದ ನಾಲ್ವರಿಗೆ, ನಾಲ್ವರಿಂದ ಎಂಟು ಮಂದಿಗೆ. ಹೀಗೆ ಹತ್ತನೆಯ ಸುತ್ತಿಗೆ 1,024 ಮಂದಿ ರೋಗಿಗಳಾಗುತ್ತಾರೆ. ಅದರ ಬದಲು ಹತ್ತು ರೋಗಿಗಳು ಸೇರಿ ಎಂಟೇ ಮಂದಿಗೆ ಅಂಟಿಸುವಂತಾಯಿತೆನ್ನಿ. ಆಗ 100 ಮಂದಿಯಿಂದ 80ಕ್ಕೆ, 80ರಿಂದ 64ಕ್ಕೆ ಇಳಿಯುತ್ತ ರೋಗ ತಾನಾಗಿ ನಂದಿಹೋಗುತ್ತದೆ. ಒಬ್ಬನಿಂದ ಒಬ್ಬನಿಗಿಂತ ಹೆಚ್ಚೋ ಕಡಿಮೆಯೋ ಎಂಬುದೇ ಇಲ್ಲಿ ಹೊಸ್ತಿಲು. ಹೊಸ್ತಿಲಿನ ಆಚೆ ರೋಗ ಬೆಳೆಯುತ್ತದೆ, ಈಚೆ ಸಾಯುತ್ತದೆ.

ಈ ಹೊಸ್ತಿಲಿನ ವಿಚಾರವನ್ನು ಮಲೇರಿಯಕ್ಕೆ ಅನ್ವಯಿಸಿ ತೋರಿಸಿದವರು ರೊನಾಲ್ಡ್ ರಾಸ್. ಅವರು 1895ರಲ್ಲಿ ಕಾಲರಾ ತಡೆಯುವ ಕೆಲಸಕ್ಕಾಗಿ ನಮ್ಮ ಬೆಂಗಳೂರಿಗೆ ಬಂದಿದ್ದರು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಜೀವಾಣುವನ್ನು ಅವರು ಕಂಡದ್ದು 1897ರಲ್ಲಿ, ಸಿಕಂದರಾಬಾದಿನಲ್ಲಿ. ಊರಿನ ಸೊಳ್ಳೆಗಳನ್ನೆಲ್ಲ ಒಂದೂ ಬಿಡದೆ ಕೊಲ್ಲುವುದು ಆಗದ ಮಾತು, ಆದ್ದರಿಂದ ಮಲೇರಿಯ ಹೋಗದು ಎಂದು ಆಗ ಅನೇಕರು ವಾದಿಸುತ್ತಿದ್ದರು. ಎಲ್ಲವನ್ನೂ ಕೊಲ್ಲಬೇಕಾಗಿಲ್ಲ, ಸೊಳ್ಳೆಗಳನ್ನು ಒಂದು ಮಿತಿಯ ಕೆಳಗೆ ಇಳಿಸಿದರೆ ಸಾಕು, ರೋಗ ತಾನೇ ಅಳಿಯುತ್ತದೆ ಎಂದು ರಾಸ್ ಗಣಿತದಿಂದ ಸಾಧಿಸಿದರು. ಕೈಲಾಗದೆಂದು ಬಿಟ್ಟಿದ್ದ ಕೆಲಸ ಕೈಗೆಟಕುವ ಕೆಲಸವಾಗಿ ಕಂಡದ್ದು ಆ ಲೆಕ್ಕದಿಂದ. 1927ರಲ್ಲಿ ಕೆರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಎಂಬವರು ಜನರನ್ನು ರೋಗ ತಗಲಬಹುದಾದವರು, ತಗಲಿದವರು, ರೋಗದಿಂದ ಹೊರಬಂದವರು ಎಂದು ಮೂರು ಗುಂಪಾಗಿ ವಿಂಗಡಿಸಿ, ಬೊಂಬಾಯಿಯ ಪ್ಲೇಗಿನ ಅಂಕಿಗಳೊಡನೆ ತಮ್ಮ ಲೆಕ್ಕವನ್ನು ತಾಳೆ ನೋಡಿದರು. ಮೆಕೆಂಡ್ರಿಕ್ ಕೂಡ ಭಾರತದಲ್ಲಿ ಕೆಲಸ ಮಾಡಿದ್ದ ವೈದ್ಯರೇ.

ಇದರಿಂದ ಆಡಳಿತಕ್ಕೇನು ಪ್ರಯೋಜನ? ಒಂದು ಊಹೆಯ ಉದಾಹರಣೆ ನೋಡೋಣ. ಒಂದು ತಾಲೂಕಿನ ಆಸ್ಪತ್ರೆಗೆ ದಿನಕ್ಕೆ 5 ಮಂದಿ ಹೊಸ ರೋಗಿಗಳು ದಾಖಲಾಗುತ್ತಿದ್ದಾರೆ. ಒಬ್ಬೊಬ್ಬರೂ 8 ದಿನ ಮಲಗುತ್ತಾರೆ. ಸ್ಥೂಲವಾಗಿ 40 ಹಾಸಿಗೆ ಬೇಕು. ರೋಗ ವಾರಕ್ಕೊಮ್ಮೆ ಇಮ್ಮಡಿಸುತ್ತಿದ್ದರೆ ನಾಲ್ಕು ವಾರದಲ್ಲಿ ದಿನಕ್ಕೆ 80 ಮಂದಿ ಬರುತ್ತಾರೆ, 640 ಹಾಸಿಗೆ ಬೇಕಾಗುತ್ತದೆ. ಇಮ್ಮಡಿಯಾಗಲು ಎರಡು ವಾರ ಹಿಡಿಯುವಂತೆ ತಡೆದರೆ? ದಿನಕ್ಕೆ 20 ಮಂದಿ, 160 ಹಾಸಿಗೆ. ಈ ಎರಡು ಅಂಕಿಗಳ ನಡುವೆ ಎಷ್ಟೋ ಮನೆಗಳ ದೀಪವಿದೆ. ಹಾಸಿಗೆ, ಆಮ್ಲಜನಕ, ದಾದಿಯರು ಇವೆಲ್ಲ ಬೇಕೆಂದ ಕೂಡಲೇ ಬರುವ ವಸ್ತುಗಳಲ್ಲ. 40 ಹಾಸಿಗೆ ಸಾಕೆನಿಸುವ ದಿನವೇ 640ರ ಯೋಚನೆ ಮಾಡಬೇಕು. 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಕೋವಿಡ್ಡಿನ ಎರಡನೆಯ ಅಲೆ ಬಂದಾಗ ಹಾಸಿಗೆಗೂ ಆಮ್ಲಜನಕಕ್ಕೂ ಜನ ಅಲೆದುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೋವಿಡ್ಡಿನ ಕಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರೊಡನೆ ಕೂಡಿ ಗಣಕಯಂತ್ರದೊಳಗೆ ಬೆಂಗಳೂರು ಮತ್ತು ಮುಂಬಯಿ ನಗರಗಳನ್ನೇ ಕಟ್ಟಿದರು. ಒಂದೊಂದರಲ್ಲೂ ಕೋಟಿಗೆ ಮಿಕ್ಕಿದ ಕಲ್ಪಿತ ಜನ. ಒಬ್ಬೊಬ್ಬರಿಗೂ ಒಂದು ಮನೆ, ಶಾಲೆ ಅಥವಾ ಕೆಲಸದ ಸ್ಥಳ. ಶಾಲೆ ಮುಚ್ಚಿದರೆ ಏನಾದೀತು, ಕಚೇರಿಗೆ ಅರ್ಧ ಜನ ಬಂದರೆ ಏನಾದೀತು ಎಂದು ಆ ನಗರದಲ್ಲಿ ಪ್ರಯೋಗ ಮಾಡಿ ನೋಡಬಹುದು. ನಿಜವಾದ ನಗರದಲ್ಲಿ ಅಂಥ ಪ್ರಯೋಗಕ್ಕೆ ಮನುಷ್ಯರ ಪ್ರಾಣವನ್ನೇ ತೆರಬೇಕಾಗುತ್ತದೆ.

ಆದರೆ ಲೆಕ್ಕಕ್ಕೆ ಕೊಟ್ಟ ಅಂಕಿ ತಪ್ಪಾದರೆ ಉತ್ತರವೂ ತಪ್ಪೇ. 2020ರ ಸೆಪ್ಟೆಂಬರಿನಲ್ಲಿ ರಾಜ್ಯ ಸರಕಾರ ರಕ್ತಪರೀಕ್ಷೆಯ ಸಮೀಕ್ಷೆ ನಡೆಸಿದಾಗ, ಕರ್ನಾಟಕದ ಶೇಕಡಾ 27ರಷ್ಟು ಜನರಿಗೆ ಆ ವೇಳೆಗಾಗಲೇ ಕೋವಿಡ್ ತಗಲಿದ್ದಿತೆಂದು ತಿಳಿಯಿತು. ದಿನದಿನದ ವರದಿಯಲ್ಲಿ ಕಂಡಿದ್ದವರು ಅದರ ಒಂದು ಸಣ್ಣ ಪಾಲು ಮಾತ್ರ. ವರದಿಯನ್ನಷ್ಟೇ ನಂಬಿ ಲೆಕ್ಕ ಹಾಕಿದವರು ದಾರಿ ತಪ್ಪುವುದು ಸಹಜ.

ಇನ್ನೊಂದು ತಪ್ಪು ಕೇಳುವವರದು. ಇಲ್ಲಿ ನನ್ನ ವ್ಯಾಕರಣ ಸ್ವಲ್ಪ ಉಪಯೋಗಕ್ಕೆ ಬರುತ್ತದೆ. ‘ಬಂದರೆ’ ಎಂಬುದು ಪಕ್ಷಾರ್ಥಕ, ‘ಬಂದೀತು’ ಎಂಬುದು ಸಂಭಾವನಾರ್ಥಕ ಎಂದು ನೀವೆಲ್ಲ ಶಾಲೆಯಲ್ಲಿ ಓದಿದ್ದೀರಿ. ಗಣಿತ ಮಾದರಿ ಆಡುವ ಮಾತೆಲ್ಲ ಈ ಎರಡು ರೂಪಗಳಲ್ಲಿಯೇ ಇರುತ್ತದೆ: ಹೀಗೆಯೇ ಬಿಟ್ಟರೆ ಇಷ್ಟು ಜನರಿಗೆ ರೋಗ ಬಂದೀತು. ಅದು ಬಾಯಿಂದ ಬಾಯಿಗೆ ಹೋಗುತ್ತ ‘ರೆ’ ಉದುರಿಹೋಗುತ್ತದೆ, ‘ಬಂದೀತು’ ಎಂಬುದು ‘ಬರುತ್ತದೆ’ ಎಂದಾಗುತ್ತದೆ. ಜನ ಎಚ್ಚರಗೊಂಡು, ಕೆಲಸ ಮಾಡಿ, ರೋಗ ಕಡಿಮೆಯಾದಾಗ, ‘ನೋಡಿ, ವಿಜ್ಞಾನಿಗಳ ಭವಿಷ್ಯ ಸುಳ್ಳಾಯಿತು’ ಎಂದು ನಗುತ್ತಾರೆ. ಮದ್ದು ಬಿಟ್ಟ ತೋಟಕ್ಕೆ ಕೊಳೆ ಬರಲಿಲ್ಲವೆಂದು ಮದ್ದನ್ನು ಹಳಿದಂತಾಯಿತು ಇದು. ಜ್ಯೋತಿಷ್ಯ ನಿಜವಾಗಬೇಕೆಂದು ಜೋಯಿಸರಿಗೆ ಆಸೆ; ಗಣಿತ ಮಾದರಿಯ ಕೆಟ್ಟ ಉತ್ತರವಾದರೋ ಸುಳ್ಳಾಗಲೆಂದೇ ಹುಟ್ಟಿದ್ದು.

ಎಲ್ಲ ರೋಗಗಳಿಗೂ ಒಂದೇ ಲೆಕ್ಕ ಹೊಂದುವುದಿಲ್ಲ. ಇದಕ್ಕೆ ನಮ್ಮ ಮಗ್ಗುಲಲ್ಲೇ ಇರುವ ದೃಷ್ಟಾಂತ ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಹಳ್ಳಿಗರಿಗೂ ಜ್ವರ ಬಂದಾಗ ಈ ರೋಗ ಗುರುತಿಗೆ ಬಂತು. ಕಾಡಿನ ಉಣುಗು, ಅಂದರೆ ಉಣ್ಣೆ, ಕಚ್ಚುವುದರಿಂದ ಇದು ಬರುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. 1982–83ರಲ್ಲಿ ನಮ್ಮ ನೆರೆಯ ಬೆಳ್ತಂಗಡಿ ತಾಲೂಕಿನಲ್ಲಿ, ಗೇರು ತೋಟಕ್ಕಾಗಿ ಕಾಡು ಕಡಿದ ಪ್ರದೇಶದ ಸುತ್ತ, ಇದು ಭಯಂಕರವಾಗಿ ಎದ್ದಿತು. ಸಾವಿರಕ್ಕೂ ಮಿಕ್ಕಿದ ಜನ ಹಾಸಿಗೆ ಹಿಡಿದರು, ಅನೇಕರು ತೀರಿಕೊಂಡರು. 2018ರ ಕೊನೆಯಿಂದ ಸಾಗರ ತಾಲೂಕಿನ ಅರಳಗೋಡಿನಲ್ಲಿ ಮತ್ತೆ ಸಾವುಗಳಾದವು. ಇದಕ್ಕೆ ನೇರವಾದ ಔಷಧವಿಲ್ಲ. ಹಳೆಯ ಲಸಿಕೆಯ ಬಲ ಸಾಲದೆಂದು ಕಂಡು ಅದರ ಬಳಕೆಯೂ ನಿಂತಿತು. ಆದ್ದರಿಂದ ರೋಗ ಎಲ್ಲಿ ಏಳಬಹುದೆಂದು ಮೊದಲೇ ತಿಳಿಯುವುದು ಇಲ್ಲಿ ಅರ್ಧ ಔಷಧಕ್ಕೆ ಸಮಾನ.

ಇಲ್ಲಿ ಒಬ್ಬನಿಂದ ಎಷ್ಟು ಜನರಿಗೆ ಎಂಬ ಪ್ರಶ್ನೆಯಿಲ್ಲ. ಯಾವ ಜಾಗದಲ್ಲಿ ಎಂಬುದೇ ಪ್ರಶ್ನೆ. ಇಂಗ್ಲೆಂಡಿನ ಸಂಶೋಧಕರೂ, ಬೆಂಗಳೂರಿನ ಅಶೋಕ ಪರಿಸರ ಸಂಶೋಧನಾ ಸಂಸ್ಥೆ (ಏಟ್ರೀ) ಮೊದಲಾದ ನಮ್ಮ ಸಂಸ್ಥೆಗಳವರೂ, ಆರೋಗ್ಯ ಇಲಾಖೆಯವರೂ ಕೂಡಿ ಶಿವಮೊಗ್ಗ ಜಿಲ್ಲೆಯ ನೆಲವನ್ನು ಚೌಕ ಚೌಕವಾಗಿ ವಿಂಗಡಿಸಿದರು. ಪ್ರತಿಯೊಂದು ಚೌಕದಲ್ಲಿ ಯಾವ ಬಗೆಯ ಕಾಡಿದೆ, ತೋಟವೆಷ್ಟು, ದನಗಳೆಷ್ಟು ಎಂಬುದನ್ನು 2014ರಿಂದ 2018ರವರೆಗಿನ ರೋಗಿಗಳ ಲೆಕ್ಕದೊಡನೆ ಹೊಂದಿಸಿದರು. ನಿತ್ಯಹಸುರಿನ ಕಾಡೂ ತೋಟವೂ ಒಂದರೊಳಗೊಂದು ಸೇರಿಕೊಂಡು, ಊರ ತಳಿಯ ದನಗಳು ಹೆಚ್ಚಾಗಿರುವಲ್ಲಿ ಅಪಾಯ ಹೆಚ್ಚೆಂದು ತಿಳಿಯಿತು. ಹೀಗೆ ಬರೆದ ನಕ್ಷೆಯನ್ನು 2019ರಲ್ಲಿ ರೋಗವೆದ್ದ ಸ್ಥಳಗಳೊಡನೆ ಹೋಲಿಸಿದಾಗ ತಕ್ಕಮಟ್ಟಿಗೆ ಸರಿಹೊಂದಿತು. 2020ರಲ್ಲಿ ಇದು ಪ್ರಕಟವಾಯಿತು.

ಕಾಡಂಚಿನ ತೋಟ, ಸೊಪ್ಪು ಸೌದೆಗೆ ಗುಡ್ಡ, ಮೇಯಲು ಬಿಟ್ಟ ನಾಲ್ಕು ದನ: ಈ ಚಿತ್ರ ಯಾರದೆಂದು ನಾನು ಹೇಳಬೇಕೆ? ಘಟ್ಟದ ಬುಡದ ನಮ್ಮ ಎಷ್ಟೋ ಗ್ರಾಮಗಳ ಚಿತ್ರವೇ ಅದು. ರೋಗದ ಕಾಲ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇವರೆಗೆ. ನಕ್ಷೆಯಲ್ಲಿ ಅಪಾಯದ ಬಣ್ಣ ಬಿದ್ದ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನವೆಂಬರಿನಲ್ಲಿಯೇ ಉಣುಗು ತಡೆಯುವ ಡೇಪಾ ತೈಲ, ರಕ್ತಪರೀಕ್ಷೆಯ ಏರ್ಪಾಡು, ರೋಗಿಯನ್ನು ಸಾಗಿಸುವ ವಾಹನ ಸಿದ್ಧವಾದರೆ ಲೆಕ್ಕ ಸಾರ್ಥಕ. ನಕ್ಷೆ ಕಪಾಟಿನಲ್ಲಿ ಉಳಿದರೆ ಅದು ಬರಿಯ ಬಣ್ಣದ ಕಾಗದ.

ಈ ಲೆಕ್ಕದಲ್ಲಿ ನಮ್ಮದೂ ಒಂದು ಅಂಕಿಯಿದೆ. ಕಾಡಿನಲ್ಲೋ ತೋಟದಲ್ಲೋ ಮಂಗ ಸತ್ತು ಬಿದ್ದುದನ್ನು ಕಂಡರೆ ಅದನ್ನು ಮುಟ್ಟದೆ, ಹೂಳದೆ, ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ಕೂಡಲೇ ತಿಳಿಸಿ. ಗುಡ್ಡಕ್ಕೆ ಹೋಗಿ ಬಂದವರಿಗೆ ಒಮ್ಮೆಲೇ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಮದ್ದಿನಲ್ಲಿ ದಿನ ಕಳೆಯದೆ ಆಸ್ಪತ್ರೆಗೆ ಹೋಗಿ. ಗುಡ್ಡಕ್ಕೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಹೇಳಿ. ನಿಮ್ಮ ಮನೆಯ ಕೆಲಸಕ್ಕೆ ಸೊಪ್ಪು ತರಲು ಹೋಗುವವರಿಗೂ ಇದನ್ನು ತಿಳಿಸಿ; ಮೊದಲು ಉಣುಗು ಕಚ್ಚುವುದು ಅವರನ್ನು. ನೀವು ತಿಳಿಸದ ಒಂದು ಮಂಗದ ಸಾವು ನಕ್ಷೆಯಲ್ಲಿ ಒಂದು ಸುಳ್ಳಾಗಿ ಕುಳಿತುಬಿಡುತ್ತದೆ. ತಿಳಿಸಿದರೆ ಯಾರದೋ ಮನೆಯ ಒಂದು ಜೀವ ಉಳಿದೀತು.